ಮೂರು ಮಹಡಿ, ಒಂದೇ ವೈಫೈ: ಬೆಳಿಗ್ಗೆ ಹೊತ್ತು ಕನೆಕ್ಟ್ ಆಗುತ್ತದೆ, ನೆಟ್ ಮಾತ್ರ ಬರುವುದಿಲ್ಲ

ಮಹಡಿಮೇಲಿನವ:
ನಮಸ್ಕಾರ. ನಮ್ಮದು ಮೈಸೂರು, ಕುವೆಂಪುನಗರ. ಮೂವತ್ತು ನಲವತ್ತು ಸೈಟಿನಲ್ಲಿ ಕಟ್ಟಿದ ಮನೆ. ಕೆಳಗೆ ಅಪ್ಪ ಅಮ್ಮ, ಮೊದಲನೇ ಮಹಡಿಯಲ್ಲಿ ಅಣ್ಣ, ಅತ್ತಿಗೆ, ಅವರ ಮಗ. ಎರಡನೇ ಮಹಡಿಯಲ್ಲಿ ನಾನು ಮತ್ತು ನನ್ನ ಹೆಂಡತಿ. ಎಲ್ಲರಿಗೂ ಸೇರಿ ಒಂದೇ ಫೈಬರ್ ಕನೆಕ್ಷನ್, 200 ಎಂಬಿಪಿಎಸ್. ಬಿಲ್ ಅಣ್ಣ ಕಟ್ಟುತ್ತಾನೆ. ಕೈಕೊಟ್ಟಾಗ ಬೈಗುಳ ನನಗೆ, ಯಾಕೆಂದರೆ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ನಾನೊಬ್ಬನೇ. ನಾನು ಮಾಡುವುದು ಜಿಎಸ್‌ಟಿ ಕೆಲಸ. ವೈಫೈಗೂ ನನಗೂ ಏನು ಸಂಬಂಧ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ.

ಈಗ ವ್ಯವಸ್ಥೆ ಹೀಗಿದೆ. ಫೈಬರ್ ಡಬ್ಬ ಕೆಳಗೆ ಹಾಲ್‌ನಲ್ಲಿ, ಟಿವಿ ಪಕ್ಕ. ಅದರಿಂದ ಒಂದು ಕೇಬಲ್ ಮೆಟ್ಟಿಲು ಪಕ್ಕದ ಪೈಪಿನಲ್ಲಿ ಅಣ್ಣನ ಮನೆಗೆ ಹೋಗಿ ಅಲ್ಲಿ ಒಂದು ಹಳೇ ರೂಟರ್‌ಗೆ ಸೇರಿದೆ. ನನ್ನ ಮಹಡಿಗೆ ಕೇಬಲ್ ಇಲ್ಲ, ಗೋಡೆಗೆ ಚುಚ್ಚುವ ರಿಪೀಟರ್ ಇಟ್ಟಿದ್ದೇನೆ. ಅದು ಅಣ್ಣನ ರೂಟರ್‌ನ ಸಿಗ್ನಲ್ ಹಿಡಿದು ಕೊಡುತ್ತದೆ.

ತೊಂದರೆ ಏನೆಂದರೆ ಬೆಳಿಗ್ಗೆ ಎದ್ದಾಗ ಫೋನಿನಲ್ಲಿ ವೈಫೈ ಫುಲ್ ಕಡ್ಡಿ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ 'ಇಂಟರ್ನೆಟ್ ಇಲ್ಲ' ಅಂತ ಬರುತ್ತದೆ. ಅದೇ ಹೊತ್ತಿಗೆ ಅಮ್ಮನ ಫೋನಿನಲ್ಲಿ ಸುಪ್ರಭಾತ ಆರಾಮಾಗಿ ಓಡುತ್ತಿರುತ್ತದೆ! ಹನ್ನೊಂದು ಹನ್ನೆರಡರ ಹೊತ್ತಿಗೆ ಒಂದೊಂದೇ ಫೋನ್ ತಾನೇ ಸರಿಹೋಗುತ್ತದೆ. ಮಧ್ಯಾಹ್ನ ನನ್ನ ಮೀಟಿಂಗ್‌ಗಳಲ್ಲಿ ದನಿ ಒಡೆಯುತ್ತದೆ, ಅದು ಬೇರೆ ಕಥೆಯೋ ಇದೇ ಕಥೆಯೋ ಗೊತ್ತಿಲ್ಲ. ಕಂಪನಿಯವರಿಗೆ ಮೂರು ಸಲ ಫೋನ್ ಮಾಡಿದೆ. 'ನಮ್ಮ ಕಡೆಯಿಂದ ಲೈನ್ ಓಕೆ ಇದೆ ಸರ್' ಅಂದರು. ಯಾರಾದರೂ ದಾರಿ ತೋರಿಸಿ.

ಸುಮ್ನೆಹೇಳ್ದೆ:
ಇಷ್ಟು ಕಥೆ ಯಾಕೆ ಗುರೂ, ಮೂರು ಡಬ್ಬದ ಮೆಶ್ (ಒಂದಕ್ಕೊಂದು ಮಾತಾಡಿಕೊಂಡು ಒಂದೇ ವೈಫೈ ಕೊಡೋ ಡಬ್ಬಗಳು) ತಗೊಂಡು ಮಹಡಿಗೊಂದು ಇಡಿ. ಮುಗೀತು. ನಾನು ಹಾಗೇ ಮಾಡಿದ್ದು.

ಡಲ್ಲಾಸ್ ಕನ್ನಡತಿ:
ನಾನೂ ಅದನ್ನೇ ಹೇಳೋಣ ಅಂತಿದ್ದೆ. ಇಲ್ಲಿ ನಮ್ಮದು ಎರಡು ಮಹಡಿ ಮನೆ. ಮೆಶ್ ಹಾಕಿದ ಮೇಲೆ ಗ್ಯಾರೇಜ್‌ವರೆಗೂ ಸಿಗ್ನಲ್ ಬರುತ್ತದೆ. ಕೇಬಲ್ ಎಳೆಯುವ ಗೋಜೇ ಇಲ್ಲ.

ಹುಬ್ಬಳ್ಳಿ ವೈರ್:
ಅಕ್ಕಾರ, ನಿಮ್ಮ ಮನೆ ಕಟ್ಟಿಗೀದು. ಗೋಡೆ ಅಂದರೆ ಜಿಪ್ಸಮ್ ಹಲಗೆ, ಒಳಗೆ ಟೊಳ್ಳು. ಇವರದು ಐದಾರು ಇಂಚಿನ ಆರ್‌ಸಿಸಿ ಸ್ಲ್ಯಾಬ್ ರೀ, ಒಳಗೆ ಕಬ್ಬಿಣದ ಜಾಲರಿ. ಅದರ ಮೇಲೆ ಗಾರೆ, ಟೈಲ್ಸು. ವೈಫೈ ಸಾಮಾನ್ಯವಾಗಿ ಓಡುವುದು 2.4, 5 ಗಿಗಾಹರ್ಟ್ಸ್ ಅಂತ ಎರಡು ತರಂಗದಲ್ಲಿ; 5ರ ಸಿಗ್ನಲ್ ಒಂದು ಸ್ಲ್ಯಾಬ್ ದಾಟುವುದರಲ್ಲಿ ಸುಸ್ತಾಗಿರುತ್ತದೆ, ಎರಡನೇದು ದಾಟುವ ಮಾತೇ ಇಲ್ಲ. ಮೆಶ್ ಡಬ್ಬಗಳೂ ಒಂದಕ್ಕೊಂದು ಮಾತಾಡುವುದು ಅದೇ ಗಾಳಿಯಲ್ಲಿ ಅಲ್ವಾ. ಅವಕ್ಕೂ ಕೇಬಲ್ ಕೊಟ್ಟರೆ ಭೇಷ್. ಕೇಬಲ್ ಕೊಡದೆ ಸ್ಲ್ಯಾಬಿನ ಮೇಲೊಂದು ಕೆಳಗೊಂದು ಇಟ್ಟರೆ ದುಡ್ಡು ಹಾಳು. ನಾನು ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಡಬ್ಬ ವಾಪಸ್ ಕೊಡಲಿಕ್ಕೆ ಓಡಾಡಿದವರನ್ನು ಬಹಳ ನೋಡಿದ್ದೇನೆ.

ಸುಮ್ನೆಹೇಳ್ದೆ:
ನನ್ನದು ಡೂಪ್ಲೆಕ್ಸ್, ಒಳಗೇ ಮೆಟ್ಟಿಲು. ಮೇಲಿನವರೆಗೂ ತೆರೆದಿದೆ. ಅದಕ್ಕೆ ನಡೀತಿದೆಯೋ ಏನೋ.

ಪಿಂಗಣ್ಣ:
ಖರೀದಿ ಆಮೇಲೆ. ಫುಲ್ ಕಡ್ಡಿ ಇದ್ದೂ ನೆಟ್ ಇಲ್ಲ ಅಂದರೆ ಸಿಗ್ನಲ್ ಮೇಲೆ ನನಗೆ ಅನುಮಾನವೇ ಇಲ್ಲ. ಸಿಗ್ನಲ್ ಸಮಸ್ಯೆ ಹೊತ್ತು ನೋಡಿ ಬರುವುದಿಲ್ಲ. ಬೆಳಿಗ್ಗೆ ಮಾತ್ರ ಅಂದಿರಲ್ಲ, ಆ ಮಾತು ಮುಖ್ಯ.

ಮಹಡಿಮೇಲಿನವರೇ, ಎರಡು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಕೆಟ್ಟಾಗ ರಿಸ್ಟಾರ್ಟ್ ಮಾಡಬೇಡಿ, ಕೈ ಕಟ್ಟಿಕೊಂಡು ಕೂತಿರಿ. ಕೆಟ್ಟ ಫೋನಿನಲ್ಲಿ ವೈಫೈ ಹೆಸರಿನ ಪಕ್ಕ ಇರುವ ಚಕ್ರ ಒತ್ತಿದರೆ ಐಪಿ ಅಡ್ರೆಸ್, ಗೇಟ್‌ವೇ ಅಂತ ಎರಡು ನಂಬರ್ ಕಾಣುತ್ತವೆ. ಅವನ್ನು ಬರೆದುಕೊಳ್ಳಿ. ಅಮ್ಮನ ಫೋನಿನದ್ದೂ ಬರೆದುಕೊಳ್ಳಿ. ಎರಡನೆಯದು, ನೆಟ್ ಸರಿ ಇದ್ದು ದನಿ ಒಡೆಯುವಾಗ ಲ್ಯಾಪ್‌ಟಾಪಿನಲ್ಲಿ ಎರಡು ಕಪ್ಪು ಕಿಟಕಿ (ಕಮಾಂಡ್ ಪ್ರಾಂಪ್ಟ್) ತೆಗೆಯಿರಿ. ಪಿಂಗ್ ಅಂದರೆ 'ಇದ್ದೀಯಾ' ಅಂತ ಕೂಗಿ, ಉತ್ತರ ಎಷ್ಟು ಮಿಲಿಸೆಕೆಂಡಿಗೆ ಬಂತು ಅಂತ ನೋಡುವುದು. ಒಂದರಲ್ಲಿ ಫೈಬರ್ ಡಬ್ಬಕ್ಕೆ ಪಿಂಗ್, ಇನ್ನೊಂದರಲ್ಲಿ 8.8.8.8ಕ್ಕೆ (ಹೊರಗಿನ ಗೂಗಲ್ ಸರ್ವರ್) ಪಿಂಗ್. ಡಬ್ಬಕ್ಕೆ ಹೋಗುವ ಪಿಂಗೇ ತಡವರಿಸಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಡಬ್ಬಕ್ಕೆ ಸರಿಯಾಗಿ ಹೋಗಿ ಹೊರಗಿನದ್ದು ಮಾತ್ರ ಬಿದ್ದರೆ ಕಂಪನಿಯವರ ಜುಟ್ಟು ಹಿಡಿಯಿರಿ.

ಬಾಡಿಗೆಮನೆ:
ನಮ್ಮ ಓನರ್ ಮನೆಯಲ್ಲೂ ಇದೇ ಗೋಳು. ನಾನು ಬೇಸತ್ತು ಬೇರೆ ಕನೆಕ್ಷನ್ ತಗೊಂಡೆ. ಓನರ್ ಆಂಟಿಗೆ ಬೇಜಾರಾಗಿ ಎರಡು ದಿನ ಮಾತಾಡಲಿಲ್ಲ. ಅಣ್ಣತಮ್ಮಂದಿರ ಮನೆಯಲ್ಲಿ ಇನ್ನೂ ಕಷ್ಟ, ಬೇರೆ ಕನೆಕ್ಷನ್ ಅಂದರೆ ಬೇರೆ ಒಲೆ ಅಂತಲೇ ಅರ್ಥ ಆಗುತ್ತದೆ :)

ಮಹಡಿಮೇಲಿನವ:
@ಬಾಡಿಗೆಮನೆ ಸರಿಯಾಗಿ ಹೇಳಿದಿರಿ. ಆ ಮಾತು ಒಂದು ಸಲ ಎತ್ತಿದ್ದೆ. ಅಮ್ಮ 'ಆಮೇಲೆ ಮೀಟರು, ಆಮೇಲೆ ಗೇಟು' ಅಂದರು. ಅಲ್ಲಿಗೇ ಬಿಟ್ಟೆ.

ಪಿಂಗಣ್ಣ, ಇಂದು ಬೆಳಿಗ್ಗೆ ನೋಡಿದೆ. ನನ್ನ ಫೋನ್: ಐಪಿ 192.168.0.104, ಗೇಟ್‌ವೇ 192.168.0.1. ಅತ್ತಿಗೆ ಫೋನ್: ಐಪಿ 192.168.0.101, ಗೇಟ್‌ವೇ ಅದೇ. ಅಮ್ಮನ ಫೋನ್: ಐಪಿ 192.168.1.7, ಗೇಟ್‌ವೇ 192.168.1.1. ಇದರಲ್ಲಿ ಏನಾದರೂ ಇದೆಯಾ? ನನಗೆ ಎಲ್ಲಾ ಒಂದೇ ಥರ ಕಾಣುತ್ತದೆ.

ಪಿಂಗಣ್ಣ:
ಸಿಕ್ಕಿಬಿದ್ದ!

ಒಂದೇ ಥರ ಅಲ್ಲ ಸ್ವಾಮಿ, ಮೂರನೇ ಅಂಕಿ ನೋಡಿ. ಅಮ್ಮನದು 1, ನಿಮ್ಮದು 0. ನಿಮ್ಮ ಮನೆಯಲ್ಲಿ ನಂಬರ್ ಕೊಡುವವರು ಇಬ್ಬರಿದ್ದಾರೆ. ವೈಫೈಗೆ ಬಂದ ಪ್ರತಿ ಫೋನಿಗೂ ಒಂದು ಐಪಿ ನಂಬರ್ ಕೊಟ್ಟು, 'ಹೊರಗೆ ಹೋಗಬೇಕಾದರೆ ಈ ಬಾಗಿಲಿಂದ ಹೋಗು' ಅಂತ ಗೇಟ್‌ವೇ ತೋರಿಸುವ ಕೆಲಸಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಒಂದು ಮನೆಗೆ ಒಬ್ಬರು ಸಾಕು. ದರ್ಶಿನಿಯಲ್ಲಿ ಎರಡು ಕಡೆ ಟೋಕನ್ ಕೊಡುತ್ತಿದ್ದಾರೆ ಅಂತಿಟ್ಟುಕೊಳ್ಳಿ, ಅದರಲ್ಲಿ ಒಂದು ಟೋಕನ್‌ಗೆ ಹಿಂದೆ ಅಡುಗೆಮನೆಯೇ ಇಲ್ಲ. ಆ ಟೋಕನ್ ಹಿಡಿದವರು ಕೌಂಟರ್ ಮುಂದೆ ನಿಂತೇ ಇರುತ್ತಾರೆ, ದೋಸೆ ಬರುವುದಿಲ್ಲ. 192.168.0.1 ಅನ್ನುವುದು ಅಣ್ಣನ ಮನೆಯ ಹಳೇ ರೂಟರ್ ಇರಬೇಕು. ಅದರ ಇಂಟರ್ನೆಟ್ ಪೋರ್ಟಿಗೆ ಏನೂ ಚುಚ್ಚಿಲ್ಲ, ಕೆಳಗಿನಿಂದ ಬಂದ ಕೇಬಲ್ ಲ್ಯಾನ್ (ಮನೆಯೊಳಗಿನ ಸಾಧನಗಳ) ಪೋರ್ಟಿನಲ್ಲಿದೆ, ಸರಿನಾ? ಹಾಗಾಗಿ ಅದರ ಬಾಗಿಲಿಂದ ಹೊರಗೆ ದಾರಿಯೇ ಇಲ್ಲ.

ಮಹಡಿಮೇಲಿನವ:
ಹೌದು, ಹಳದಿ ಪೋರ್ಟಿನಲ್ಲಿದೆ, ನೀಲಿ ಖಾಲಿ. ಆದರೆ ಹಾಕಿಕೊಟ್ಟ ಹುಡುಗ ಅದನ್ನೆಲ್ಲ ಆಫ್ ಮಾಡಿದ್ದೇನೆ ಅಂದಿದ್ದ. ಎರಡು ವರ್ಷ ಚೆನ್ನಾಗಿಯೇ ಇತ್ತು. ತೊಂದರೆ ಶುರುವಾಗಿ ಎರಡು ತಿಂಗಳು ಅಷ್ಟೇ. ಮತ್ತೆ ಬೆಳಿಗ್ಗೆ ಮಾತ್ರ ಯಾಕೆ?

ಪಿಂಗಣ್ಣ:
ಎರಡು ತಿಂಗಳ ಹಿಂದೆ ಯಾರೋ ಆ ರೂಟರ್ ರಿಸೆಟ್ ಮಾಡಿರಬೇಕು. ರಿಸೆಟ್ ಆದರೆ ಎಲ್ಲಾ ಫ್ಯಾಕ್ಟರಿ ಸೆಟ್ಟಿಂಗ್‌ಗೆ ಹೋಗುತ್ತದೆ, ಡಿಎಚ್‌ಸಿಪಿ ತಾನೇ ಆನ್ ಆಗುತ್ತದೆ. ಬೆಳಿಗ್ಗೆ ಯಾಕೆ ಅಂತ ನನಗೂ ಹೊಳೆಯುತ್ತಿಲ್ಲ. ರಾತ್ರಿ ಕರೆಂಟ್ ಹೋಗುತ್ತದಾ? ಕೆಳಗಿನ ಡಬ್ಬ ಯುಪಿಎಸ್ ಮೇಲಿದೆಯಾ?

ಮಹಡಿಮೇಲಿನವ:
ಕರೆಂಟ್ ಹೋಗುವುದಿಲ್ಲ. ಸ್ವಲ್ಪ ಇರಿ, ಮನೆಯಲ್ಲಿ ವಿಚಾರಣೆ ನಡೆಸಿ ಬರುತ್ತೇನೆ.

ಮಹಡಿಮೇಲಿನವ:
ವಿಚಾರಣೆ ಮುಗಿಯಿತು. ಇಬ್ಬರು ಒಪ್ಪಿಕೊಂಡರು.

ಮೊದಲನೆಯವನು ಅಣ್ಣನ ಮಗ, ಒಂಬತ್ತನೇ ಕ್ಲಾಸು. 'ಚಿಕ್ಕಪ್ಪ, ಬೈಯಲ್ಲ ಅಂದ್ರೆ ಹೇಳ್ತೀನಿ' ಅಂದ. ಆಟದ ಮಧ್ಯೆ ನೆಟ್ ನಿಧಾನ ಆಯಿತಂತೆ. ರೂಟರ್ ಹಿಂದಿನ ಸಣ್ಣ ತೂತಿಗೆ ಅತ್ತಿಗೆಯ ಸೇಫ್ಟಿ ಪಿನ್ ಹಾಕಿ ಒತ್ತಿದ್ದಾನೆ. ವೈಫೈ ಹೆಸರೇ ಬದಲಾಗಿಹೋಯಿತು ಅಂತ ಹೆದರಿ, ಯಾರಿಗೂ ಹೇಳದೆ ಯಾವುದೋ ವಿಡಿಯೋ ನೋಡಿ ಹಳೇ ಹೆಸರು, ಹಳೇ ಪಾಸ್‌ವರ್ಡ್ ವಾಪಸ್ ಹಾಕಿದ್ದಾನೆ. ಆದ್ದರಿಂದ ಯಾರಿಗೂ ಗೊತ್ತೇ ಆಗಲಿಲ್ಲ. ಕೋಪ ಬಂತು, ಆದರೆ ಅಷ್ಟು ಮಾಡಿದ್ದಾನಲ್ಲ ಅಂತ ಒಳಗೊಳಗೇ ಖುಷಿಯೂ ಆಯಿತು.

ಎರಡನೆಯವರು ಅಮ್ಮ. ಫೈಬರ್ ಡಬ್ಬದ ಹಸಿರು ಲೈಟು ಹಾಲ್‌ನಲ್ಲಿ ರಾತ್ರಿಯೆಲ್ಲ ಮಿಣಮಿಣ ಅನ್ನುತ್ತದೆ, ಅಪ್ಪನಿಗೆ ನಿದ್ದೆ ಬರುವುದಿಲ್ಲ (ಅಪ್ಪ ಹಾಲ್‌ನಲ್ಲಿ ದಿವಾನದ ಮೇಲೆ ಮಲಗುವುದು). ಹಾಗಾಗಿ ಹನ್ನೊಂದಕ್ಕೆ ಸ್ವಿಚ್ ಆಫ್ ಮಾಡಿ, ಬೆಳಿಗ್ಗೆ ಹಾಲು ಬಂದಾಗ ಆನ್ ಮಾಡುತ್ತಾರಂತೆ. ವರ್ಷಗಳಿಂದ!

ಪಿಂಗಣ್ಣ:
ಈಗ ಕಥೆ ಕೂಡಿಕೊಂಡಿತು. ರಾತ್ರಿ ಕೆಳಗಿನ ಡಬ್ಬ ಮಲಗಿರುತ್ತದೆ. ಅಣ್ಣನ ರೂಟರ್ ಮಾತ್ರ ಎದ್ದಿರುತ್ತದೆ. ರಾತ್ರಿ ಯಾವ ಫೋನ್ ಹೊಸದಾಗಿ ಕನೆಕ್ಟ್ ಆಗಿ ನಂಬರ್ ಕೇಳಿದರೂ ಉತ್ತರ ಕೊಡುವುದು ಅದೊಂದೇ. ಬೆಳಿಗ್ಗೆ ಅಮ್ಮ ಸ್ವಿಚ್ ಹಾಕಿದ ಮೇಲೂ ನಿಮ್ಮ ಫೋನುಗಳು ಆ ಖಾಲಿ ಟೋಕನ್ ಹಿಡಿದೇ ಕೂತಿರುತ್ತವೆ. ವೈಫೈ ಕಡಿದು ಮತ್ತೆ ಸೇರಿದಾಗ, ಅಂದರೆ ನೀವು ಅಂಗಡಿಗೆ ಹೋಗಿ ಬಂದಾಗಲೋ ಫೋನ್ ಹಿಡಿದು ಕೆಳಗೆ ಇಳಿದಾಗಲೋ, ಸರಿಯಾದ ನಂಬರ್ ಸಿಗುತ್ತದೆ, ಅದೂ ಅದೃಷ್ಟ ಇದ್ದರೆ. ಇಬ್ಬರಲ್ಲಿ ಯಾರು ಬೇಗ ಉತ್ತರ ಕೊಡುತ್ತಾರೋ ಅವರ ಟೋಕನ್. ಅಮ್ಮನ ಫೋನ್ ಕೆಳಗಿನ ಡಬ್ಬದ ಪಕ್ಕವೇ ಇರುತ್ತದೆ, ರಾತ್ರಿ ಅಣ್ಣನ ರೂಟರ್‌ನ ಸಿಗ್ನಲ್ ಹಿಡಿಯುವುದಿಲ್ಲ, ಅದಕ್ಕೇ ಬಚಾವು.

ಸರಿ ಮಾಡುವುದು ಹೀಗೆ. ಲ್ಯಾಪ್‌ಟಾಪನ್ನು ಕೇಬಲಿನಲ್ಲಿ ಹಳೇ ರೂಟರ್‌ಗೆ ಹಾಕಿ. ಆ ಹೊತ್ತಿಗೆ ಕೆಳಗಿನಿಂದ ಬಂದ ಕೇಬಲ್ ತೆಗೆದಿಡಿ, ಇಲ್ಲವಾದರೆ ಲ್ಯಾಪ್‌ಟಾಪಿಗೂ ಯಾವ ನಂಬರ್ ಸಿಗುತ್ತದೋ ಹೇಳಲಾಗದು. ಬ್ರೌಸರ್‌ನಲ್ಲಿ 192.168.0.1 ಹಾಕಿ ಒಳಗೆ ಹೋಗಿ. ಮೊದಲು ರೂಟರ್‌ನ ಸ್ವಂತ ವಿಳಾಸವನ್ನು 192.168.1.2 ಮಾಡಿ. ಅದು ರಿಸ್ಟಾರ್ಟ್ ಆಗಿ ಹೊಸ ವಿಳಾಸದಲ್ಲಿ ತೆರೆಯುತ್ತದೆ, ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ಇದನ್ನು ಉಲ್ಟಾ ಮಾಡಿದರೆ ಒಳಗೆ ಹೋಗಲು ಕೈಯಲ್ಲೇ ಐಪಿ ಹಾಕಬೇಕಾಗುತ್ತದೆ, ತಲೆನೋವು. ಕೆಳಗಿನ ಡಬ್ಬದಲ್ಲಿ ನಂಬರ್ ಹಂಚುವುದು 2ರಿಂದಲೇ ಶುರುವಾಗುವಂತಿದ್ದರೆ ಅದನ್ನು 20ರಿಂದ ಮಾಡಿ. ಇಲ್ಲವಾದರೆ ಒಂದು ದಿನ ಯಾರದೋ ಫೋನಿಗೂ ರೂಟರಿಗೂ ಒಂದೇ ನಂಬರ್ ಬಂದು ಜಗಳ ಶುರು.

ಹುಬ್ಬಳ್ಳಿ ವೈರ್:
ಎಲ್ಲಾ ಆದ ಮೇಲೆ ರೂಟರ್ ಮೇಲೆ ಒಂದು ಚೀಟಿ ಅಂಟಿಸಿರಿ: ವಿಳಾಸ, ಪಾಸ್‌ವರ್ಡ್, 'ಪಿನ್ ಹಾಕಬೇಡ'. ಮತ್ತೆ ಆ ಲೈಟಿಗೆ ಕಪ್ಪು ಇನ್ಸುಲೇಷನ್ ಟೇಪ್ ಹಚ್ಚಿರಿ. ಹತ್ತು ರೂಪಾಯಿ ಕೆಲಸ. ಅಪ್ಪಾರೂ ಮಲಗುತ್ತಾರೆ, ಡಬ್ಬವೂ ಎದ್ದಿರುತ್ತದೆ.

ಮಹಡಿಮೇಲಿನವ:
ಮೂರು ದಿನ ಆಯಿತು. ಬೆಳಿಗ್ಗೆ ಎಲ್ಲರ ಫೋನಿನಲ್ಲೂ ನೆಟ್ ಇದೆ. ಪಿಂಗಣ್ಣ, ನಿಮಗೆ ನಮ್ಮ ಅತ್ತಿಗೆ ಕಡೆಯಿಂದ ಥ್ಯಾಂಕ್ಸ್. ಟೇಪ್ ಹಚ್ಚಿದ್ದೇನೆ, ಆದರೂ ಅಮ್ಮ ಅಭ್ಯಾಸಬಲದಿಂದ ಎರಡನೇ ದಿನ ಆಫ್ ಮಾಡಿದ್ದರು. ರಾತ್ರಿ ಹನ್ನೊಂದೂವರೆಗೆ ಮ್ಯಾಚ್ ನಿಂತುಹೋಯಿತು ಅಂತ ಅಣ್ಣ ಮೆಟ್ಟಿಲಿನಿಂದಲೇ ಕೂಗಿದ.

ಈಗ ಎರಡನೇ ಭಾಗ. ಮಧ್ಯಾಹ್ನ ದನಿ ಒಡೆಯುವುದು ಹಾಗೇ ಇದೆ. ಪಿಂಗ್ ಮಾಡಿದೆ. ಕೆಳಗಿನ ಡಬ್ಬಕ್ಕೇ 4, 6, 5, 380, ಟೈಮ್‌ಔಟ್, 7, 210 ಹೀಗೆ ಬರುತ್ತಿದೆ. ಕೆಳಗೆ ಹೋಗಿ ಡಬ್ಬದ ಪಕ್ಕ ಕೂತು ಮಾಡಿದರೆ 2, 3, 2. ಹೊರಗಿನ ಪಿಂಗ್ ಅಲ್ಲಿಂದ ಸರಿಯಾಗಿದೆ. ಹಾಗಾಗಿ ಕಳ್ಳ ನನ್ನ ಮಹಡಿಯಲ್ಲೇ ಇದ್ದಾನೆ.

ಪಿಂಗಣ್ಣ:
ಕಳ್ಳನ ಹೆಸರು ರಿಪೀಟರ್. ಅದು ಅದೇ ಚಾನೆಲ್‌ನಲ್ಲಿ, ಅಂದರೆ ಅದೇ ರೇಡಿಯೋ ದಾರಿಯಲ್ಲಿ, ಕೇಳಿಸಿಕೊಂಡು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕು, ಹಾಗಾಗಿ ವೇಗ ಸುಮಾರು ಅರ್ಧ ಆಗುತ್ತದೆ. ಅದೂ ಸ್ಲ್ಯಾಬ್ ಆಚೆಯಿಂದ ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳುತ್ತಿದೆ. ರಿಪೀಟರ್ ಇರುವ ಜಾಗದಲ್ಲಿ ಫೋನ್ ಹಿಡಿದು, ಯಾವುದಾದರೂ ವೈಫೈ ಅನಲೈಸರ್ ಆಪ್‌ನಲ್ಲಿ ಅಣ್ಣನ ರೂಟರ್‌ನ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಜೋರು) ಅಂತ ನೋಡಿ. ಮೈನಸ್ 50 ಅಂದರೆ ಬೊಂಬಾಟ್. ವಿಡಿಯೋ ಕಾಲ್‌ಗೆ ಮೈನಸ್ 67 ಆಸುಪಾಸು ಬೇಕು. ಮೈನಸ್ 80 ಅಂದರೆ ಮೈನಸ್ 50ಕ್ಕಿಂತ ಸಾವಿರ ಪಟ್ಟು ಕಡಿಮೆ ಶಕ್ತಿ. ಫೋನಿನ ಕಡ್ಡಿ ನಂಬಬೇಡಿ. ಅದು ತೋರಿಸುವುದು ಪಕ್ಕದಲ್ಲಿರುವ ರಿಪೀಟರ್‌ನ ಸಿಗ್ನಲ್, ರಿಪೀಟರ್‌ಗೆ ಎಷ್ಟು ಸಿಗುತ್ತಿದೆ ಅನ್ನುವುದನ್ನಲ್ಲ.

ಮಹಡಿಮೇಲಿನವ:
2.4ರಲ್ಲಿ ಮೈನಸ್ 76. 5ರಲ್ಲಿ ಲಿಸ್ಟಿನಲ್ಲೇ ಇಲ್ಲ. ಜೊತೆಗೆ ಅಕ್ಕಪಕ್ಕದ ಮನೆಯವರದ್ದು ಹದಿನಾಲ್ಕು ವೈಫೈ ಕಾಣುತ್ತವೆ.

ಪಿಂಗಣ್ಣ:
ನೋಡಿ, 2.4ರಲ್ಲಿ ಚಾನೆಲ್‌ಗಳು ಹದಿಮೂರು ಇದ್ದರೂ ಒಂದರ ಮೇಲೊಂದು ಬೀಳದೆ ಕೂರುವುದು 1, 6, 11 ಮೂರೇ. ನಿಮ್ಮದು, ಆ ಹದಿನಾಲ್ಕು, ಜೊತೆಗೆ ಮಧ್ಯಾಹ್ನ ಸಾರು ಬಿಸಿ ಮಾಡುವ ಮೈಕ್ರೋವೇವ್, ಎಲ್ಲಾ ಅದೇ ಜಾಗದಲ್ಲಿ ನೂಕಾಡುತ್ತಿವೆ. ಕೆಳಗಿನ ಡಬ್ಬ 1, ಅಣ್ಣನದು 6 ಅಂತ ಹಂಚಿ (ನಿಮ್ಮ ರಿಪೀಟರ್ ಅಣ್ಣನ ಚಾನೆಲ್‌ನಲ್ಲೇ ಇರುತ್ತದೆ), ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೇ ಇಡಿ. ಆದರೆ ಇದು ಮುಲಾಮು ಅಷ್ಟೇ. ನಿಮ್ಮ ಮಹಡಿಗೆ ಕೇಬಲ್ ಬೇಕೇ ಬೇಕು.

ಸುಮ್ನೆಹೇಳ್ದೆ:
ಕರೆಂಟ್ ವೈರಿನಲ್ಲೇ ನೆಟ್ ಕಳಿಸುವ ಪ್ಲಗ್ ಇದೆಯಲ್ಲ, ಪವರ್‌ಲೈನ್. ಅದನ್ನು ಹಾಕಿದರೆ?

ಹುಬ್ಬಳ್ಳಿ ವೈರ್:
ಸರ, ಇಂಥ ಮನೆಗೆ ತ್ರೀ ಫೇಸ್ ಇದ್ದರೆ ಮಹಡಿಗೊಂದು ಫೇಸ್ ಹಂಚಿರುತ್ತಾರೆ. ಒಂದು ಫೇಸಿನಿಂದ ಇನ್ನೊಂದಕ್ಕೆ ಆ ಸಿಗ್ನಲ್ ಸರಿಯಾಗಿ ದಾಟುವುದಿಲ್ಲ. ಯುಪಿಎಸ್ ಲೈನು ಮತ್ತೆ ಬೇರೆ. ಬೇಡ.

ಕೇಬಲ್ ಎಳೆಯಿರಿ. ಕ್ಯಾಟ್ 6 ದರ್ಜೆಯ ನೆಟ್ ಕೇಬಲ್, ಅಪ್ಪಟ ತಾಮ್ರದ್ದು ಅಂತ ಕೇಳಿ ತಗೊಳ್ಳಿ. ಅಲ್ಯೂಮಿನಿಯಂಗೆ ತಾಮ್ರ ಬಳಿದದ್ದನ್ನು ಅಗ್ಗಕ್ಕೆ ಕೊಡುತ್ತಾರೆ, ಅದು ಬಗ್ಗಿಸಿದರೆ ಮುರಿಯುತ್ತದೆ. ಅಂದಹಾಗೆ ಕೆಳಗಿನಿಂದ ಅಣ್ಣನ ಮನೆಗೆ ಬಂದ ಹಳೇ ಕೇಬಲಿನ ತುದಿಗೆ ಲ್ಯಾಪ್‌ಟಾಪ್ ನೇರವಾಗಿ ಹಾಕಿ ಸ್ಪೀಡ್ ನೋಡಿ ಹೇಳಿರಿ. ನನಗೆ ಅದರ ಮೇಲೂ ಡೌಟ್.

ಮಹಡಿಮೇಲಿನವ:
94. ಎಷ್ಟು ಸಲ ಮಾಡಿದರೂ 94. ಕೆಳಗೆ ಡಬ್ಬದ ಹತ್ತಿರ ಸಣ್ಣ ಕೇಬಲಿನಲ್ಲಿ 205 ಬರುತ್ತದೆ.

ಹುಬ್ಬಳ್ಳಿ ವೈರ್:
94 ಅಂದರೆ ಕೇಬಲ್ 100ಕ್ಕೆ ಇಳಿದಿದೆ. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ತಂತಿ ಬೇಕು ರೀ, 100ಕ್ಕೆ ನಾಲ್ಕೇ ಸಾಕು. ಎಲ್ಲೋ ಒಂದು ಜೋಡಿ ಕಟ್ ಆಗಿದೆ. ಎರಡೂ ತುದಿಯ ಜ್ಯಾಕ್ ಬೆಳಕಿಗೆ ಹಿಡಿದು ನೋಡಿರಿ. ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಈ ಸಾಲಿನಲ್ಲಿ ಎಂಟೂ ಇರಬೇಕು.

ಮಹಡಿಮೇಲಿನವ:
ಕಂದು ಜೋಡಿ ಎರಡೂ ತುದಿಯಲ್ಲಿ ಇಲ್ಲ. ಹುಡುಕಿಕೊಂಡು ಹೋದರೆ ಅದು ಗೋಡೆಯ ಇಂಟರ್‌ಕಾಮ್ ಫೋನಿಗೆ ಹೋಗಿದೆ! ಅಪ್ಪ ಮನೆ ಕಟ್ಟಿದಾಗ ಆಸೆಪಟ್ಟು ಹಾಕಿಸಿದ್ದು, 'ಊಟಕ್ಕೆ ಬಾ' ಅಂತ ಕರೆಯಲು. ಈಗ ಎಲ್ಲರೂ ವಾಟ್ಸಾಪ್‌ನಲ್ಲೇ ಕರೆಯುತ್ತಾರೆ.

ತೀರ್ಥಹಳ್ಳಿ ಮಳೆ:
ತಡವಾಗಿ ಬಂದೆ, ಒಂದು ಮಾತು. ಹೊಸ ಕೇಬಲನ್ನು ಮನೆ ಹೊರಗಿನ ಗೋಡೆ ಮೇಲೆ ಇಳಿಬಿಡಬೇಡಿ. ನಮ್ಮಲ್ಲಿ ತೋಟದ ಮನೆಗೆ ಹಾಗೆ ಎಳೆದಿದ್ದೆವು. ಭರಣಿ ಮಳೆಯ ಒಂದು ಗುಡುಗಿಗೆ ಎರಡೂ ಕಡೆಯ ಲ್ಯಾನ್ ಪೋರ್ಟ್ ಸುಟ್ಟವು, ಟಿವಿಯದ್ದೂ ಸೇರಿ. ಹೊರಗೆ ಹೋಗಲೇಬೇಕಾದರೆ ಫೈಬರ್ ಎಳೆಯಿರಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ.

ಮಹಡಿಮೇಲಿನವ:
ಧನ್ಯವಾದ. ಅದೃಷ್ಟಕ್ಕೆ ಮೆಟ್ಟಿಲಿನ ಒಳಗಿನ ಪೈಪ್ ಮೇಲಿನವರೆಗೂ ಇದೆ.

ಭಾನುವಾರ ಅಣ್ಣ, ಅವನ ಮಗ, ನಾನು ಮೂವರೂ ಸೇರಿ ಎಳೆದೆವು. ಪೈಪಿನೊಳಗೆ ಹಳೇ ಟಿವಿ ಕೇಬಲ್ ಸಿಕ್ಕಿತು, ಅದರ ತುದಿಗೆ ಹೊಸದನ್ನು ಕಟ್ಟಿ ಎಳೆದೆವು. ಕೆಳಗಿನಿಂದ ನೇರ ನನ್ನ ಮಹಡಿಗೆ 22 ಮೀಟರ್ ಆಯಿತು. ಅಣ್ಣನ ಕೇಬಲಿಗೆ ಕಂದು ಜೋಡಿ ಸೇರಿಸಿ ಹೊಸ ಜ್ಯಾಕ್ ಹಾಕಿದೆವು. ಮೊದಲ ನಾಲ್ಕು ಜ್ಯಾಕ್ ಹಾಳು, ಐದನೇದಕ್ಕೆ ಟೆಸ್ಟರ್‌ನಲ್ಲಿ ಎಂಟೂ ದೀಪ ಸಾಲಾಗಿ ಹತ್ತಿದವು. ಹುಡುಗ ಕುಣಿದೇಬಿಟ್ಟ. ಆ ಕೇಬಲಿನ ತುದಿಯಲ್ಲಿ ಈಗ 204. ಹಳೇ ರೂಟರ್‌ಗೆ ಹಾಕಿದರೆ ಮತ್ತೆ ಅದೇ 94!

ಹುಬ್ಬಳ್ಳಿ ವೈರ್:
ರೂಟರ್‌ನ ಪೋರ್ಟೇ 100ರದ್ದು ರೀ. ಅಗ್ಗದ ಹಳೇ ರೂಟರ್ ಬಹಳಷ್ಟು ಹಾಗೇ. ಎರಡು ಮಹಡಿಗೆ ಒಂದೊಂದು ಗಿಗಾಬಿಟ್ ಪೋರ್ಟಿನ ರೂಟರ್ ತಗೊಳ್ಳಿ, ಎರಡಕ್ಕೂ ಡಿಎಚ್‌ಸಿಪಿ ಆಫ್. ಅಥವಾ ಅಣ್ಣನಿಗೆ 94 ಸಾಕು ಅಂದರೆ ಹಳೇದು ಅಲ್ಲೇ ಇರಲಿ.

ಮಹಡಿಮೇಲಿನವ:
ಅಣ್ಣನನ್ನು ಕೇಳಿದೆ. 'ಬಿಲ್ ಕಟ್ಟೋನು ನಾನು, 94 ನನಗಾ?' ಅಂದ. ಹೊಸ ರೂಟರ್ ಅವನಿಗೆ ಹೋಯಿತು, ಹಳೇದು ನನ್ನ ಮಹಡಿಗೆ ಬಂತು. ನನಗೆ ಅದೇ ಧಾರಾಳ. ಇವತ್ತು ಎರಡು ಗಂಟೆ ಮೀಟಿಂಗ್ ಇತ್ತು, ಪಿಂಗ್ 3ರಿಂದ 5ರ ಮಧ್ಯೆಯೇ ಇತ್ತು. ದನಿ ಒಂದು ಸಲವೂ ಒಡೆಯಲಿಲ್ಲ. ರಿಪೀಟರ್ ಬೇಕಾದವರು ಬಂದು ತಗೊಂಡು ಹೋಗಿ, ದುಡ್ಡು ಬೇಡ.

ಬಾಡಿಗೆಮನೆ:
ಮತ್ತೆ ಇಂಟರ್‌ಕಾಮ್ ಸತ್ತಿತಲ್ಲ, ಮನೆಯಲ್ಲಿ ಏನೂ ಅನ್ನಲಿಲ್ವಾ?

ಮಹಡಿಮೇಲಿನವ:
ಅಪ್ಪನಿಗೆ ಇನ್ನೂ ಹೇಳಿಲ್ಲ. ರಿಸೀವರ್ ಗೋಡೆಯಲ್ಲಿ ಹಾಗೇ ತೂಗುಹಾಕಿದ್ದೇವೆ.